ಟ್ಯೂಬಿಂಗೆನ್‌ಗೆ ಒಂದು ವಾರ ಜಾಸ್ತಿಯಾ?

ಕಾಕು ಯುರೋಪ್ ಟೂರ್ ಮುಗಿಸಿ ಬಂದಾಗ ಧಾರವಾಡದ ಮನೆಯ ಪಡಸಾಲೆಯಲ್ಲಿ ನಮ್ಮನ್ನೆಲ್ಲ ಕೂರಿಸಿಕೊಂಡು ಮೊಬೈಲ್‌ನಲ್ಲಿ ಫೋಟೋ ತೋರಿಸಿದ್ದರು. ಎತ್ತರದ ಚರ್ಚುಗಳು, ಸೇತುವೆಗಳು, ಗಡಿಯಾರದ ಗೋಪುರಗಳು. ಒಂದು ಫೋಟೋದಲ್ಲಿ ಕೆಂಪು ಸ್ವೆಟರ್ ಹಾಕಿಕೊಂಡು ಯಾವುದೋ ದೊಡ್ಡ ಬಾಗಿಲಿನ ಮುಂದೆ ನಿಂತಿದ್ದರು. ಇದು ಯಾವ ಊರು ಅಂತ ಅಪ್ಪ ಕೇಳಿದರು. ಕಾಕು ಸ್ವಲ್ಪ ಹೊತ್ತು ಅದನ್ನೇ ನೋಡಿದರು. ಹಿಂದಿನ ಫೋಟೋಗೆ ಹೋದರು, ಮುಂದಿನದಕ್ಕೆ ಬಂದರು. ‘ಗೊತ್ತಾಗವಲ್ದು ಭಾವಾರ. ಬಸ್ಸಿನಾಗ ನಿದ್ದಿ ಹತ್ತಿತ್ತು. ಇಳಸಿದ್ರು, ಫೋಟೋ ತಗೊಂಡ್ವಿ, ಮತ್ತ ಹತ್ತಿದ್ವಿ’ ಅಂದರು. ಆ ಮಾತಿನಲ್ಲಿ ನಿಜವಾದ ಬೇಜಾರಿತ್ತು.

ಆಮೇಲೆ ಅವರೇ ಇನ್ನೊಂದು ವಿಷಯ ಹೇಳಿದರು. ದಾರಿಯಲ್ಲಿ ಎಲ್ಲೋ ಬಸ್ಸು ಕೆಟ್ಟು ನಿಂತಿತ್ತಂತೆ. ಹೆಸರಿಲ್ಲದ ಒಂದು ಸಣ್ಣ ಊರು. ರಸ್ತೆ ಬದಿಯ ಬೆಂಚಿನ ಮೇಲೆ ಕೂತಿದ್ದರು. ಎದುರು ಮನೆಯ ಅಜ್ಜಿ ಕಿಟಕಿಯ ಕುಂಡಗಳಿಗೆ ನೀರು ಹಾಕುತ್ತಿದ್ದವಳು ಇವರನ್ನು ನೋಡಿ ಕೆಳಗಿಳಿದು ಬಂದಳು, ಒಂದು ಜಗ್‌ನಲ್ಲಿ ನೀರು, ನಾಲ್ಕು ಗ್ಲಾಸು ತಂದಿಟ್ಟಳು. ಶಾಲೆ ಬಿಟ್ಟಿತು, ಮಕ್ಕಳು ಸೈಕಲ್ ಮೇಲೆ ಹೋದರು. ಬೇಕರಿಯವನು ಬಾಗಿಲು ಹಾಕಿದ. ಇದನ್ನು ಹೇಳುವಾಗ ಕಾಕುವಿಗೆ ಒಂದೂ ಫೋಟೋ ಬೇಕಾಗಲಿಲ್ಲ. ಗ್ಲಾಸಿನ ಮೇಲಿದ್ದ ಹಸಿರು ಗೆರೆ ಕೂಡ ನೆನಪಿತ್ತು.

ಅಷ್ಟು ದುಡ್ಡು ಕೊಟ್ಟು ನೋಡಿದ್ದೆಲ್ಲ ಮರೆತುಹೋಗಿ, ನಿಂತು ಕಾದ ಜಾಗ ಮಾತ್ರ ಉಳಿಯಿತಲ್ಲ ಅನ್ನೋದು ಅವತ್ತಿನಿಂದ ನನ್ನ ತಲೆ ಕೊರೆಯುತ್ತಿದೆ. ಈಗ ಅಪ್ಪನನ್ನು ಕರೆದುಕೊಂಡು ಜರ್ಮನಿಗೆ ಹೊರಟಿದ್ದೇನೆ. ಇಬ್ಬರಿಗೂ ಅದು ಮೊದಲ ಸಲ. ಒಂದು ವಾರ, ಒಂದೇ ಊರು, ಟ್ಯೂಬಿಂಗೆನ್. ಟ್ರಾವೆಲ್ ಏಜೆಂಟ್ ಹತ್ತಿರ ಹೇಳಿದಾಗ ಅವರು ನಯವಾಗಿಯೇ ಹೇಳಿದರು: ‘ಮೇಡಂ, ಅದಕ್ಕೆ ಅರ್ಧ ದಿನ ಸಾಕು. ಸ್ಟಟ್‌ಗಾರ್ಟ್‌ನಿಂದ ಬೆಳಿಗ್ಗೆ ಹೋಗಿ ಮಧ್ಯಾಹ್ನ ಬಂದುಬಿಡಬಹುದು. ಉಳಿದ ದಿನಕ್ಕೆ ಪ್ಯಾರಿಸ್ ಸೇರಿಸೋಣ.’ ಮನೆಯಲ್ಲೂ ಅದೇ ಮಾತು. ‘ಅಷ್ಟ ದೂರ ಹೋಗಿ ಒಂದ ಊರ ನೋಡಿ ಬರೂದೇನ?’ ಅಂತ ಚಿಕ್ಕಪ್ಪ ಕೇಳಿದರು.

ನೋಡುವ ಜಾಗಗಳನ್ನು ಎಣಿಸಿದರೆ ಅರ್ಧ ದಿನದ ಲೆಕ್ಕ ಸರಿಯೇ. ಟ್ಯೂಬಿಂಗೆನ್ ದೊಡ್ಡ ಊರಲ್ಲ. ಸುಮಾರು 90 ಸಾವಿರ ಜನ, ಅದರಲ್ಲಿ ವಿದ್ಯಾರ್ಥಿಗಳೇ ಒಂದು ದೊಡ್ಡ ಪಾಲು. ನೆಕರ್ ನದಿಯ ದಂಡೆಯ ಮೇಲೆ, ಗುಡ್ಡದ ಇಳಿಜಾರಿನಲ್ಲಿ ಹಳೇ ಊರು ಕೂತಿದೆ. ಒಂದು ಕೋಟೆ, ಒಂದು ದೊಡ್ಡ ಚರ್ಚು, ಒಂದು ಸಂತೆ ಚೌಕ, ನದಿಗೆ ಮುಖ ಮಾಡಿದ ಬಣ್ಣಬಣ್ಣದ ಮನೆಗಳ ಸಾಲು. ಎರಡನೇ ಮಹಾಯುದ್ಧದಲ್ಲಿ ಜರ್ಮನಿಯ ಎಷ್ಟೋ ಊರುಗಳು ಸುಟ್ಟು ಬೂದಿಯಾದವು, ಈ ಹಳೇ ಊರು ಮಾತ್ರ ಹೆಚ್ಚುಕಮ್ಮಿ ಹಾಗೇ ಉಳಿಯಿತು. ಹಾಗಾಗಿ ಅಲ್ಲಿ ಕಾಣುವ ಮರದ ಚೌಕಟ್ಟಿನ ಮನೆಗಳು ನಿಜಕ್ಕೂ ಹಳೆಯವು, ಆಮೇಲೆ ನಕಲು ಮಾಡಿ ಕಟ್ಟಿದ್ದಲ್ಲ. ಆದರೆ ಒಂದು ವಾರ ಬೇಕು ಅಂತ ನಾನು ಹಟ ಹಿಡಿದಿರೋದು ಮನೆಗಳಿಗಾಗಿ ಅಲ್ಲ.

ಕಿಟೆಲ್ ಕೊನೆಗೆ ಬಂದು ಸೇರಿದ ಊರು

ಅಪ್ಪ ಹೈಸ್ಕೂಲಿನಲ್ಲಿ ಕನ್ನಡ ಮಾಸ್ತರಾಗಿದ್ದರು. ಬೇಸಿಗೆ ರಜೆಯಲ್ಲಿ ಒಮ್ಮೊಮ್ಮೆ ನನ್ನನ್ನೂ ಶಾಲೆಯ ಲೈಬ್ರರಿಗೆ ಕರೆದುಕೊಂಡು ಹೋಗುತ್ತಿದ್ದರು. ಅಲ್ಲಿ ಕಬ್ಬಿಣದ ಕಪಾಟಿನ ಕೆಳಗಿನ ಸಾಲಿನಲ್ಲಿ ಕಿಟೆಲ್ ನಿಘಂಟಿನ ಸಂಪುಟಗಳಿದ್ದವು, ಮದ್ರಾಸ್ ವಿಶ್ವವಿದ್ಯಾಲಯ ಮರಿಯಪ್ಪ ಭಟ್ಟರಿಂದ ಪರಿಷ್ಕರಿಸಿ ತಂದ ಆವೃತ್ತಿ. ಖಾಕಿ ಕಾಗದದ ಹೊದಿಕೆ, ಬೆನ್ನಿನ ಮೇಲೆ ಅಪ್ಪನದೇ ಅಕ್ಷರ. ಅಪ್ಪ ಒಂದು ಸಂಪುಟ ತೆಗೆದು ಮೇಜಿನ ಮೇಲಿಟ್ಟು, ಮೊದಲು ಎರಡೂ ಕೈಯಿಂದ ಹೊದಿಕೆ ಸರಿಮಾಡಿ, ಆಮೇಲೆ ತೆರೆಯುತ್ತಿದ್ದರು. ಅವರ ಬೆರಳು ಸಾಲಿನ ಕೆಳಗೆ ನಿಧಾನಕ್ಕೆ ಹೋಗುತ್ತಿತ್ತು. ಒಂದು ಪದ ಹುಡುಕಲು ಹೋದವರು ಅದರ ಪಕ್ಕದ್ದು, ಅದರ ಕೆಳಗಿನದ್ದು ಓದುತ್ತಾ ಗಂಟೆಗಟ್ಟಲೆ ಕೂರೋರು. ಪದದ ಜೊತೆ ಗಾದೆ ಇರುತ್ತಿತ್ತು, ಹಳೇ ಕಾವ್ಯದ ಸಾಲು ಇರುತ್ತಿತ್ತು, ತಮಿಳು ತೆಲುಗಿನಲ್ಲಿ ಅದರ ನೆಂಟ ಯಾರು ಅನ್ನೋದೂ ಇರುತ್ತಿತ್ತು. ನನಗೆ ಬೇಸರ ಬರುತ್ತಿತ್ತು. ಅಪ್ಪನಿಗೆ ಮಾತ್ರ ನೀರು ಕುಡಿಯೋದೂ ನೆನಪಿರುತ್ತಿರಲಿಲ್ಲ.

ಕಿಟೆಲ್ ಬಗ್ಗೆ ಕನ್ನಡ ಓದುಗರಿಗೆ ನಾನು ಹೊಸದಾಗಿ ಹೇಳಬೇಕಾದ್ದೇನಿಲ್ಲ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ, ಸುಮಾರು 70 ಸಾವಿರ ಪದಗಳ ಆ ನಿಘಂಟು ನಮಗೆಲ್ಲ ಗೊತ್ತು. ಬೆಂಗಳೂರಿನ ಎಂ.ಜಿ. ರಸ್ತೆಯ ಪ್ರತಿಮೆಯೂ ಗೊತ್ತು. ಧಾರವಾಡದವರಿಗಂತೂ ಅವರ ಹೆಸರಿನ ಕಾಲೇಜೇ ಇದೆ. ಆದರೆ ಅವರು ಇಲ್ಲಿಂದ ಹೋದ ಮೇಲೆ ಏನಾಯಿತು ಅಂತ ನಾವು ಅಷ್ಟಾಗಿ ಯೋಚಿಸೋದಿಲ್ಲ. ಅವರು ಕಡೆಯ ವರ್ಷಗಳನ್ನು ಕಳೆದದ್ದು ಟ್ಯೂಬಿಂಗೆನ್‌ನಲ್ಲಿ. 1896ರಲ್ಲಿ ಅಲ್ಲಿನ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. 1903ರಲ್ಲಿ ಅವರ ಕನ್ನಡ ವ್ಯಾಕರಣ ಮಂಗಳೂರಿನಲ್ಲಿ ಅಚ್ಚಾಯಿತು. ಅದೇ ವರ್ಷ ಡಿಸೆಂಬರ್ 18ರಂದು ಅವರು ಟ್ಯೂಬಿಂಗೆನ್‌ನಲ್ಲಿ ತೀರಿಕೊಂಡರು. 21ನೇ ವಯಸ್ಸಿಗೆ ಹಡಗು ಹತ್ತಿ ನಮ್ಮ ಕಡೆ ಬಂದ ಮನುಷ್ಯ, ಎಪ್ಪತ್ತು ದಾಟಿದ ಮೇಲೂ ಅಷ್ಟು ದೂರ ಕೂತು ಕೇಶಿರಾಜನ ಸೂತ್ರಗಳ ಜೊತೆ ಗುದ್ದಾಡುತ್ತಿದ್ದರು. ಸುತ್ತಮುತ್ತ ಕನ್ನಡ ಮಾತಾಡುವವರು ಯಾರಿದ್ದರು? ಅವರು ಸಂಜೆ ನಡೆಯಲು ಹೋಗುತ್ತಿದ್ದ ದಾರಿ ಯಾವುದು? ಅಪ್ಪನಿಗೆ ಆ ಊರಿನ ರಸ್ತೆಯಲ್ಲಿ ಓಡಾಡಬೇಕು, ಅಷ್ಟೇ. ಇದನ್ನು ಅರ್ಧ ದಿನದಲ್ಲಿ ಮುಗಿಸಿ ಅಂದರೆ ಹೇಗೆ ಮುಗಿಸೋದು?

ಒಂದು ಮಾತು ಸ್ಪಷ್ಟ ಮಾಡಬೇಕು. ಕಿಟೆಲ್ ಸೇರಿ ಬಾಸೆಲ್ ಮಿಶನ್ನಿನ ಪಾದ್ರಿಗಳು ಬಂದದ್ದು ತಮ್ಮ ಧರ್ಮ ಹರಡಲು. ಅದನ್ನು ಮರೆಮಾಚಿ ಅವರನ್ನು ಬರೀ ಕನ್ನಡದ ಸೇವಕರು ಅಂತ ಪೂಜಿಸೋದು ಸರಿಯಲ್ಲ. ಅಪ್ಪನಿಗೂ ಇದು ಗೊತ್ತು. ಆದರೆ ಕೆಲಸದ ಮೇಲೆ ಪ್ರೀತಿ ಹುಟ್ಟಿದಾಗ ಬಂದ ಉದ್ದೇಶಕ್ಕಿಂತ ಕೆಲಸವೇ ದೊಡ್ಡದಾಗಿ ಬೆಳೆಯೋದುಂಟು. ಆ ನಿಘಂಟಿನ ಯಾವುದೇ ಒಂದು ಪುಟ ಓದಿದರೂ ಇದು ಗೊತ್ತಾಗುತ್ತೆ.

ಒಂದೇ ಓಣಿಯಲ್ಲಿ

ಶುರುವಿನಲ್ಲಿ ಪ್ಲಾನ್ ಅಂದರೆ ಕಿಟೆಲ್ ಮಾತ್ರ ಇತ್ತು. ಓದುತ್ತಾ ಹೋದಂತೆ ಅದು ನಿಧಾನಕ್ಕೆ ಬದಲಾಯಿತು. ಬದಲಾಗಲು ಕಾರಣ ಬುರ್ಸಾಗಾಸ್ಸೆ ಅನ್ನುವ ಒಂದು ಓಣಿ.

ಅದರ ಆಸುಪಾಸಿನಲ್ಲೇ ‘ಸ್ಟಿಫ್ಟ್’ ಇದೆ. ಮೊದಲು ಅದು ಸನ್ಯಾಸಿಗಳ ಮಠ. 1536ರಲ್ಲಿ ಡ್ಯೂಕ್ ಉಲ್ರಿಖ್ ಅದನ್ನು ಪಾದ್ರಿಗಳಾಗುವ ಹುಡುಗರು ಇದ್ದು ಓದುವ ಜಾಗ ಮಾಡಿದ. ಗ್ರಹಗಳ ದಾರಿ ಲೆಕ್ಕ ಹಾಕಿದ ಕೆಪ್ಲರ್ ಅಲ್ಲಿ ಓದಿದವನು. ಇನ್ನೂರು ವರ್ಷದ ನಂತರ ತತ್ತ್ವಜ್ಞಾನಿಗಳಾದ ಹೆಗೆಲ್, ಶೆಲ್ಲಿಂಗ್, ಕವಿ ಹೋಲ್ಡರ್ಲಿನ್ ಮೂವರೂ ಗೆಳೆಯರಾಗಿ ಅಲ್ಲೇ ಇದ್ದರು. ಸ್ವಲ್ಪ ಮುಂದೆ ‘ಬುರ್ಸೆ’ ಅನ್ನುವ ದೊಡ್ಡ ಕಟ್ಟಡ. ಅದು ವಿಶ್ವವಿದ್ಯಾಲಯದ ಮೊದಲ ದಿನಗಳದ್ದು. ವಿಶ್ವವಿದ್ಯಾಲಯ ಶುರುವಾದದ್ದು 1477ರಲ್ಲಿ. 1805ರ ಹೊತ್ತಿಗೆ ಆ ಕಟ್ಟಡದಲ್ಲಿ ಆಸ್ಪತ್ರೆ ಬಂತು. ಮನಸ್ಸಿನ ಹಿಡಿತ ತಪ್ಪಿದ ಹೋಲ್ಡರ್ಲಿನ್‌ನನ್ನು 1806ರಲ್ಲಿ ತಂದು ಸೇರಿಸಿದ್ದು ಅಲ್ಲಿಗೇ. ವಾಸಿಯಾಗಲ್ಲ, ಹೆಚ್ಚೆಂದರೆ ಮೂರು ವರ್ಷ ಬದುಕಬಹುದು ಅಂದುಬಿಟ್ಟರು ವೈದ್ಯರು. ಆಗ ಅದೇ ಓಣಿಯ ಬಡಗಿ ಅರ್ನ್ಸ್ಟ್ ಸಿಮ್ಮರ್ ಅವನನ್ನು ಮನೆಗೆ ಕರೆದುಕೊಂಡು ಹೋದ. ಅವನು ಕವಿಯ ಪುಸ್ತಕ ಓದಿ ಮೆಚ್ಚಿಕೊಂಡಿದ್ದ ಬಡಗಿ. ನದಿಯ ಕಡೆಗಿದ್ದ ಗೋಪುರದ ಕೋಣೆ ಕೊಟ್ಟ. ಹೋಲ್ಡರ್ಲಿನ್ ಅಲ್ಲಿ ಬದುಕಿದ್ದು ಮೂರು ವರ್ಷವಲ್ಲ, 36 ವರ್ಷ. ಸಿಮ್ಮರ್ ತೀರಿಕೊಂಡ ಮೇಲೆ ಅವನ ಮಗಳು ಲೊಟ್ಟೆ ನೋಡಿಕೊಂಡಳು.

ಓದಿದ ಮನೆ, ಚಿಕಿತ್ಸೆಯ ಮನೆ, ಸಾಯುವವರೆಗೂ ಇದ್ದ ಮನೆ, ಮೂರೂ ಕೂಗಳತೆಯಲ್ಲಿ. ನಡೆದರೆ ಐದು ನಿಮಿಷ ಹಿಡಿಯಬಹುದು. ಟೂರ್ ಗೈಡು ಆ ಐದು ನಿಮಿಷದಲ್ಲಿ ಇದನ್ನೆಲ್ಲ ಹೇಳಿ ಮುಗಿಸುತ್ತಾನೆ. ತಪ್ಪಿಲ್ಲ, ಅವನ ಕೆಲಸ ಅದು. ಆದರೆ ನನಗೆ ಆ ಬಡಗಿಯ ವಿಷಯ ಓದಿದ ಮೇಲೆ ಎಷ್ಟೋ ಹೊತ್ತು ಬೇರೆ ಏನೂ ಓದಲಾಗಲಿಲ್ಲ. ಸ್ವಂತದವನಲ್ಲದ ಒಬ್ಬ ರೋಗಿಯನ್ನು ಒಂದು ಕುಟುಂಬ ಎರಡು ತಲೆಮಾರು ಇಟ್ಟುಕೊಳ್ಳೋದು ಅಂದರೆ ಏನು! ಜರ್ಮನ್ ಕಾವ್ಯದ ಚರಿತ್ರೆಯಲ್ಲಿ ಸಿಮ್ಮರ್‌ಗೂ ಒಂದು ಜಾಗ ಇರಬೇಕು ಅಂತ ನನಗನ್ನಿಸುತ್ತೆ.

ಇಷ್ಟಾದ ಮೇಲೆ ನಮ್ಮ ಕಡೆಯ ನೂಲು ಸಿಕ್ಕಿತು. ‘ಮಂಗಳೂರ ಸಮಾಚಾರ’ ತಂದ ಹರ್ಮನ್ ಮೊಗ್ಲಿಂಗ್ ಓದಿದ್ದು ಟ್ಯೂಬಿಂಗೆನ್‌ನಲ್ಲೇ. ಮಲಯಾಳದ ನಿಘಂಟು ಮಾಡಿದ ಗುಂಡರ್ಟ್ ಕೂಡ ಅಲ್ಲೇ ಓದಿದವನು. ಇಬ್ಬರೂ 1836ರಲ್ಲಿ ಭಾರತಕ್ಕೆ ಬಂದವರು, ಹಾಗಾಗಿ ಇಬ್ಬರೂ ಅಲ್ಲಿ ಓದುತ್ತಿದ್ದಾಗ ಕವಿ ಇನ್ನೂ ಬದುಕಿದ್ದ. ಆ ಕಾಲದ ವಿದ್ಯಾರ್ಥಿಗಳು ಗೋಪುರದ ಕೋಣೆಗೆ ಹೋಗಿ ಅವನನ್ನು ನೋಡಿ ಬರುತ್ತಿದ್ದರು, ಒಂದು ಪದ್ಯ ಬರೆದುಕೊಡಿ ಅಂತ ಕೇಳುತ್ತಿದ್ದರು. ಮೊಗ್ಲಿಂಗ್ ಹೋಗಿದ್ದನೋ ಇಲ್ಲವೋ, ಆ ಕಿಟಕಿಯ ಕೆಳಗಿನ ದಂಡೆಯ ಮೇಲಂತೂ ಓಡಾಡಿರಲೇಬೇಕು. ಹೋಲ್ಡರ್ಲಿನ್ ತೀರಿಕೊಂಡದ್ದು 1843ರ ಜೂನ್ 7ಕ್ಕೆ. ಕನ್ನಡದ ಮೊದಲ ಪತ್ರಿಕೆ ಮಂಗಳೂರಿನಲ್ಲಿ ಹೊರಬಂದದ್ದು ಅದೇ ವರ್ಷದ ಜುಲೈ 1ಕ್ಕೆ. ಒಂದಕ್ಕೊಂದು ಕಾರಣವಲ್ಲ, ಸಂಬಂಧವೂ ಇಲ್ಲ. ಆದರೂ ಅಪ್ಪನಿಗೆ ಓದಿ ಹೇಳಿದಾಗ ಅವರು ಕನ್ನಡಕ ತೆಗೆದು, ‘ತಾರೀಕು ಇನ್ನೊಮ್ಮೆ ಹೇಳು’ ಅಂದರು. ಬರೆದುಕೊಂಡರು. ಅವತ್ತಿನಿಂದ ಅಪ್ಪನ ಪಟ್ಟಿಯಲ್ಲಿ ಹೋಲ್ಡರ್ಲಿನ್ ಹೆಸರೂ ಇದೆ.

ಈ ಓಣಿಗೆ ನಾವು ಬೇರೆಬೇರೆ ಹೊತ್ತಿನಲ್ಲಿ ಹೋಗಬೇಕು ಅಂತಿದ್ದೇವೆ. ಬೆಳಿಗ್ಗೆ ಒಂದು ಸಲ, ಮಳೆ ಬಂದಾಗ ಒಂದು ಸಲ, ರಾತ್ರಿ ಊಟ ಮುಗಿಸಿ ಒಂದು ಸಲ. ಸ್ಟಿಫ್ಟ್ ಈಗಲೂ ವಿದ್ಯಾರ್ಥಿಗಳು ಇರುವ ಮನೆ. ಗೋಪುರ ಮ್ಯೂಸಿಯಂ ಆಗಿದೆ. 1875ರಲ್ಲಿ ಬೆಂಕಿ ಬಿದ್ದು ಮತ್ತೆ ಕಟ್ಟಿದ್ದು ಅದು. ನದಿಯ ನಡುವಿನ ದ್ವೀಪದಲ್ಲಿ ಪ್ಲೇನ್ ಮರಗಳ ಉದ್ದ ಸಾಲಿದೆ. ಅಲ್ಲಿ ಬೆಂಚಿನ ಮೇಲೆ ಕೂತರೆ ಎದುರಿಗೇ ಹಳದಿ ಗೋಪುರ.

ಮೊಣಕಾಲು ನೋಡಿಕೊಂಡು

ಅಪ್ಪನಿಗೆ ಮೊಣಕಾಲು ನೋವು. ಹತ್ತೋದಕ್ಕಿಂತ ಇಳಿಯೋದು ಕಷ್ಟ. ಟ್ಯೂಬಿಂಗೆನ್ ಪೂರ್ತಿ ಏರು ಇಳಿವು, ಅದೂ ಕಲ್ಲು ಹಾಸಿದ ಬೀದಿ. ಹಾಗಾಗಿ ನಮ್ಮ ಪ್ಲಾನ್ ಮ್ಯಾಪಿನ ಮೇಲೆ ಹುಟ್ಟಲಿಲ್ಲ, ಮೊಣಕಾಲಿನ ಮೇಲೆ ಹುಟ್ಟಿತು. ದಿನಕ್ಕೆ ಒಂದೇ ಏರು. ಮಧ್ಯಾಹ್ನ ಮನೆಗೆ ಬಂದು ಮಲಗೋದು. ಸಂಜೆ ಮತ್ತೆ ಹೊರಗೆ. ಜೂನ್‌ನಲ್ಲಿ ಅಲ್ಲಿ ರಾತ್ರಿ ಒಂಬತ್ತು ದಾಟಿದರೂ ಬೆಳಕಿರುತ್ತೆ, ಹಾಗಾಗಿ ಮಧ್ಯಾಹ್ನ ಮಲಗಿದರೆ ದಿನ ಹಾಳಾಗೋದಿಲ್ಲ. ವಯಸ್ಸಾದವರ ಜೊತೆ ಹೋಗುವವರು ಈ ಒಂದು ವಿಷಯ ಗಮನಿಸಿ. ಚಳಿಗಾಲದ ಸಣ್ಣ ಹಗಲಿನಲ್ಲಿ ಇಂಥ ಬಿಡುವು ಸಿಗಲ್ಲ.

ಜೂನ್ ಆರಿಸಲು ಇನ್ನೊಂದು ಕಾರಣ ಇದೆ. ಸೆಪ್ಟೆಂಬರ್‌ನಲ್ಲಿ ವಿಮಾನ ಅಗ್ಗ ಅಂದರು. ಆದರೆ ಆಗ ವಿಶ್ವವಿದ್ಯಾಲಯಕ್ಕೆ ರಜೆ. ತರಗತಿ ಶುರುವಾಗೋದು ಅಕ್ಟೋಬರ್ ನಡುವಿಗೆ. ವಿದ್ಯಾರ್ಥಿಗಳೇ ಇಲ್ಲದಾಗ ವಿದ್ಯಾರ್ಥಿಗಳ ಊರು ನೋಡಿ ಏನು ಮಾಡೋದು? ಚರ್ಚಿನ ಮೆಟ್ಟಿಲ ಮೇಲೆ ಹುಡುಗರು ಗುಂಪಾಗಿ ಕೂತಿರಬೇಕು, ನದಿಯಲ್ಲಿ ಅವರೇ ಉದ್ದ ಕೋಲು ಹಿಡಿದು ದೋಣಿ ನೂಕುತ್ತಿರಬೇಕು. ಆ ಚಪ್ಪಟೆ ದೋಣಿಗಳಿಗೆ ‘ಶ್ಟೋಖರ್‌ಕಾನ್’ ಅಂತಾರೆ. ಕಾರ್ಪಸ್ ಕ್ರಿಸ್ಟಿ ಅನ್ನುವ ಕ್ರೈಸ್ತ ಹಬ್ಬದ ಗುರುವಾರ ಅವುಗಳ ಸ್ಪರ್ಧೆ ನಡೆಯುತ್ತೆ. ಸೋತ ತಂಡದವರು ಮೀನೆಣ್ಣೆ ಕುಡಿಯಬೇಕು, ಒಬ್ಬೊಬ್ಬರಿಗೆ ಅರ್ಧ ಲೀಟರ್. ನೋಡಲು ಆಸೆಯೇನೋ ಇದೆ. ಆದರೆ ಆ ದಿನ ದಂಡೆಯ ಮೇಲೆ ಕಾಲಿಡಲು ಜಾಗ ಇರಲ್ಲ, ರಜಾ ದಿನ ಬೇರೆ, ಅಂಗಡಿಗಳೂ ಮುಚ್ಚಿರುತ್ತವೆ. ಸ್ಪರ್ಧೆ ಮುಗಿದ ನಂತರದ ವಾರ ಗೊತ್ತು ಮಾಡಿಕೊಂಡೆವು. ದೋಣಿಯಲ್ಲಿ ಸುಮ್ನೆ ಒಂದು ಗಂಟೆ ಕೂತು ಬರೋಣ ಅಂತ ಅಪ್ಪನನ್ನು ಒಪ್ಪಿಸಿದ್ದೇನೆ.

ಏರು ಹತ್ತಲೇಬೇಕಾದ ಜಾಗ ಒಂದಿದೆ, ಕೋಟೆ. ಹೋಹೆನ್‌ಟ್ಯೂಬಿಂಗೆನ್ ಅಂತ ಅದರ ಹೆಸರು, ಈಗ ವಿಶ್ವವಿದ್ಯಾಲಯದ ಕೈಲಿದೆ. ಅಲ್ಲಿನ ಮ್ಯೂಸಿಯಂನಲ್ಲಿ ಮ್ಯಾಮತ್ ದಂತದಲ್ಲಿ ಕೆತ್ತಿದ ಒಂದು ಸಣ್ಣ ಕುದುರೆ ಇದೆ. ಐದು ಸೆಂಟಿಮೀಟರ್ ಕೂಡ ಇಲ್ಲ, ಹೆಬ್ಬೆರಳಿನಷ್ಟೇ ಉದ್ದ. 1931ರಲ್ಲಿ ಫೋಗೆಲ್‌ಹೆರ್ಡ್ ಗುಹೆಯಲ್ಲಿ ಸಿಕ್ಕಿದ್ದು. ವಯಸ್ಸು ಸುಮಾರು 40 ಸಾವಿರ ವರ್ಷ ಅಂತಾರೆ. ಕಾಲುಗಳು ಮುರಿದಿವೆ. ಕತ್ತಿನ ಬಾಗು ಮಾತ್ರ ಎಷ್ಟು ಚೆನ್ನಾಗಿದೆ ಅಂದರೆ, ಚಿತ್ರದಲ್ಲಿ ನೋಡಿದಾಗ ಅದನ್ನು ಬೆರಳಿನಿಂದ ಸವರಬೇಕು ಅನ್ನಿಸಿತು. ಮನುಷ್ಯ ಮಾಡಿದ ಮೊದಮೊದಲ ಶಿಲ್ಪಗಳಲ್ಲಿ ಅದೂ ಒಂದು. ಬೆನ್ನ ಮೇಲೆ ಸಣ್ಣ ಗೀರುಗಳಿವೆ. ಕೈಯಲ್ಲಿ ಹಿಡಿದು ಹಿಡಿದು ನಯವಾದಂತಿದೆ.

ಅದೇ ಕೋಟೆಯ ಹಳೇ ಅಡುಗೆಮನೆಯಲ್ಲಿ 1869ರಲ್ಲಿ ಇನ್ನೊಂದು ಕೆಲಸ ನಡೆಯಿತು. ಆಗ ಅದು ಹೊಪೆ-ಝೈಲರ್ ಅವರ ರಸಾಯನ ಪ್ರಯೋಗಶಾಲೆ. ಬಾಸೆಲ್‌ನಿಂದ ಬಂದಿದ್ದ ಫ್ರೀಡ್ರಿಖ್ ಮೀಷರ್ ಅನ್ನುವ ಹುಡುಗ ಆಸ್ಪತ್ರೆಯಿಂದ ಕೀವು ಅಂಟಿದ ಬ್ಯಾಂಡೇಜ್ ತರಿಸಿಕೊಂಡು, ಅದನ್ನು ತೊಳೆದು, ಜೀವಕೋಶಗಳ ಒಳಗಿನ ಒಂದು ವಸ್ತುವನ್ನು ಬೇರೆ ಮಾಡಿದ. ಅವನು ಅದಕ್ಕೆ ನ್ಯೂಕ್ಲೀನ್ ಅಂದ. ಅದನ್ನೇ ನಾವು ಈಗ ಡಿಎನ್ಎ ಅನ್ನೋದು. ದಪ್ಪ ಗೋಡೆ, ಸಣ್ಣ ಕಿಟಕಿ, ತಣ್ಣಗಿನ ನೆಲ. ಆ ತಂಪೇ ಅವನಿಗೆ ಅನುಕೂಲವಾಯಿತು, ಕೀವು ಬೇಗ ಕೆಡುತ್ತಿರಲಿಲ್ಲ. ಈಗ ಆ ಕೋಣೆಯನ್ನು ನೋಡಲು ಬಿಡುತ್ತಾರೆ. ಒಂದೇ ಕಟ್ಟಡದಲ್ಲಿ ದಂತದ ಕುದುರೆಯೂ ಈ ಅಡುಗೆಮನೆಯೂ ಇರುವಾಗ ಆ ದಿನ ಬೇರೆ ಏನೂ ಇಟ್ಟುಕೊಳ್ಳಬಾರದು ಅಂತ ತೀರ್ಮಾನಿಸಿದ್ದೇವೆ. ಹತ್ತಿ ಹೋಗೋದು, ನೋಡೋದು, ಅಂಗಳದಲ್ಲಿ ಕೂತು ಊರಿನ ಹಂಚಿನ ಮಾಡುಗಳನ್ನು ನೋಡೋದು, ನಿಧಾನಕ್ಕೆ ಇಳಿಯೋದು.

ಚರ್ಚಿನ ಗೋಪುರ ಹತ್ತೋದು ಬೇಡ ಅಂತ ಅಪ್ಪ ತಾವೇ ಹೇಳಿದರು. ಕೆಳಗೆ ಕೂರುತ್ತಾರಂತೆ. ನಾನು ಹತ್ತಿ ಬರಬೇಕಂತೆ.

ಹತ್ತನೇ ಭಾಗ

ಪ್ಲಾನ್ ಮಾಡುವಾಗ ಇಬ್ಬರಿಗೂ ಮಾತು ಬೆಳೆದದ್ದು ಸ್ಮಶಾನದ ವಿಷಯದಲ್ಲಿ. ಊರಿನ ಹಳೇ ಸ್ಮಶಾನದಲ್ಲಿ ಹೋಲ್ಡರ್ಲಿನ್ ಸಮಾಧಿ ಇದೆ, ಕವಿ ಉಲಾಂಡ್ ಸಮಾಧಿಯೂ ಇದೆ. ಅದೇ ಸ್ಮಶಾನದಲ್ಲಿ ‘ಗ್ರೇಬರ್‌ಫೆಲ್ಡ್ ಎಕ್ಸ್’ ಅಂತ ಒಂದು ಭಾಗ ಇದೆ. ಹತ್ತನೇ ಭಾಗ. ವಿಶ್ವವಿದ್ಯಾಲಯದ ಅಂಗರಚನಾ ವಿಭಾಗ ಪಾಠಕ್ಕೆ ಬಳಸಿದ ದೇಹಗಳನ್ನು ಹೂಳುತ್ತಿದ್ದ ಜಾಗ ಅದು. ನಾಜಿಗಳ ಕಾಲದಲ್ಲಿ ಅಲ್ಲಿಗೆ ಬಂದ ದೇಹಗಳಲ್ಲಿ ನೂರಾರು ಅವರು ಕೊಂದವರದ್ದು. ಗಲ್ಲಿಗೇರಿಸಿದವರು, ಜೀತದ ಕೆಲಸಕ್ಕೆ ಹಿಡಿದು ತಂದ ಪೋಲೆಂಡ್, ರಷ್ಯಾದ ಬಡವರು. ಊರಿನ ಯಹೂದಿಗಳ ಪ್ರಾರ್ಥನಾ ಮಂದಿರ 1938ರ ನವೆಂಬರ್‌ನಲ್ಲಿ ಸುಟ್ಟುಹೋಯಿತು. ಅದಿದ್ದ ಜಾಗದಲ್ಲಿ ಈಗ ಒಂದು ಸ್ಮಾರಕ ಇದೆ. ಇನ್ನೂ ಹಿಂದಕ್ಕೆ ಹೋದರೆ, 1477ರಲ್ಲಿ ವಿಶ್ವವಿದ್ಯಾಲಯ ಕಟ್ಟಿದ ಆ ಸೀಮೆಯ ದೊರೆ ಎಬರ್‌ಹಾರ್ಡ್ ಅದೇ ವರ್ಷ ಊರಿನಿಂದ ಯಹೂದಿಗಳನ್ನು ಹೊರಹಾಕಿದ್ದ.

‘ಇದೆಲ್ಲ ನೋಡಾಕ ಹೋಗಬೇಕೇನವಾ?’ ಅಂತ ಅಪ್ಪ ಕೇಳಿದರು. ನನಗೆ ಥಟ್ಟನೆ ಉತ್ತರ ಹೊಳೆಯಲಿಲ್ಲ. ನಾವು ಹೊರಟಿರೋದು ಪಾಂಡಿತ್ಯದ ಮೇಲಿನ ಪ್ರೀತಿಯಿಂದ. ಆ ಊರು ಐನೂರು ವರ್ಷ ಪಂಡಿತರನ್ನೇ ತಯಾರು ಮಾಡಿದೆ. ಅಷ್ಟು ಓದಿದವರು ಇದ್ದ ಊರಿನಲ್ಲೇ, ಪ್ರೊಫೆಸರುಗಳ ಕಣ್ಣೆದುರೇ, ಹೀಗಾಯಿತು. ಈ ಎರಡರಲ್ಲಿ ಒಂದನ್ನು ಮಾತ್ರ ನೋಡಿ ಬಂದರೆ ನಾವು ಊರನ್ನು ನೋಡಿದಂತಾಗಲ್ಲ. ಓದು ಮನುಷ್ಯನನ್ನು ತಾನೇತಾನಾಗಿ ಒಳ್ಳೆಯವನನ್ನಾಗಿ ಮಾಡುತ್ತೆ ಅಂತ ಜೀವನಪೂರ್ತಿ ಮಕ್ಕಳಿಗೆ ಹೇಳಿಕೊಂಡು ಬಂದವರು ಅಪ್ಪ. ಅವರಿಗೆ ಇದು ಸುಲಭವಲ್ಲ ಅಂತ ಗೊತ್ತು. ನಾನು ಅಷ್ಟನ್ನೂ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹೋಗೂಣು. ಆದ್ರ ಕವಿ ಸಮಾಧಿ ನೋಡಿದ ದಿನಾನ ಬ್ಯಾಡ. ಇನ್ನೊಂದ ದಿನ’ ಅಂದರು. ಒಂದೇ ಗೇಟು, ಎರಡು ಬೇರೆ ದಿನ. ನನಗೆ ಅದು ಸರಿ ಅನ್ನಿಸಿತು. ಒಂದು ವಾರ ಇದ್ದರೆ ಮಾತ್ರ ಹೀಗೆ ಮಾಡಲು ಸಾಧ್ಯ.

ಊಟ, ಸಂತೆ, ವೀಸಾ

ಅಪ್ಪ ಮೊಟ್ಟೆ ತಿನ್ನೋದಿಲ್ಲ. ಆ ಕಡೆಯ ಜನಪ್ರಿಯ ಊಟ ಕೇಸೆಶ್ಪೆಟ್ಸ್ಲೆ, ಚೀಸ್ ಬೆರೆಸಿದ ಹಿಟ್ಟಿನ ತುಣುಕುಗಳು. ಮಾಂಸ ಇಲ್ಲ, ಆದರೆ ಹಿಟ್ಟಿಗೆ ಮೊಟ್ಟೆ ಹಾಕಿರುತ್ತಾರೆ. ಹಾಗಾಗಿ ಹೋಟೆಲ್ ಬಿಟ್ಟು ಅಡುಗೆಮನೆ ಇರುವ ಸಣ್ಣ ಬಾಡಿಗೆ ಮನೆ ಹಿಡಿದೆವು. ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಇಲ್ಲಿಂದ. ಅಕ್ಕಿ, ಬೇಳೆ, ತರಕಾರಿ ಅಲ್ಲೇ. ಸೋಮವಾರ, ಬುಧವಾರ, ಶುಕ್ರವಾರ ಪುರಸಭೆ ಕಟ್ಟಡದ ಮುಂದಿನ ಚೌಕದಲ್ಲಿ ಸಂತೆ ಕೂಡುತ್ತೆ. ಜೂನ್ 24ರವರೆಗೆ ಬಿಳಿ ಶತಾವರಿಯ ಕಾಲ, ಚೆರ್ರಿ ಆಗಷ್ಟೇ ಬಂದಿರುತ್ತೆ. ಆ ಕಟ್ಟಡದ ಮೇಲೆ 1511ರ ಖಗೋಳ ಗಡಿಯಾರ ಇದೆ, ಅಲ್ಲಿನ ಪ್ರೊಫೆಸರ್ ಶ್ಟೋಫ್ಲರ್ ಮಾಡಿದ್ದು. ಅಪ್ಪನಿಗೆ ಸಂತೆ ಅಂದರೆ ಪ್ರಾಣ. ಮೂರೂ ಸಂತೆ ಬೇಕು ಅಂದಿದ್ದಾರೆ. ಭಾನುವಾರ ಅಂಗಡಿ ತೆರೆಯಲ್ಲ, ಶನಿವಾರವೇ ಹಾಲು ಬ್ರೆಡ್ಡು ತಂದಿಡಬೇಕು.

ಮನೆ ಕೊಟ್ಟವರಿಗೆ ಧಾರವಾಡ ಪೇಡೆ ಒಯ್ಯಬೇಕು ಅಂತ ಅಪ್ಪ ಬಹಳ ಆಸೆಪಟ್ಟಿದ್ದರು. ಹೊರದೇಶದ ಹಾಲಿನ ಪದಾರ್ಥ ಯುರೋಪಿಯನ್ ಒಕ್ಕೂಟದೊಳಗೆ ತರುವಂತಿಲ್ಲ. ಅವರಿಗೆ ನಿಜಕ್ಕೂ ಬೇಸರವಾಯಿತು. ಈಗ ಪೇಡೆಯ ಜಾಗಕ್ಕೆ ಕಸೂತಿ ಹಾಕಿದ ಒಂದು ಮೇಜಿನ ಬಟ್ಟೆ ಬಂದಿದೆ. ಸ್ಟೀಲ್ ಲೋಟವೂ ಬ್ಯಾಗಿಗೆ ಸೇರಿದೆ. ಟ್ಯೂಬಿಂಗೆನ್ 2022ರಿಂದ ಬಳಸಿ ಎಸೆಯುವ ಕಪ್, ತಟ್ಟೆಗಳಿಗೆ 50 ಸೆಂಟ್ ತೆರಿಗೆ ಹಾಕಿದೆ. ಕೋರ್ಟಿಗೆ ಹೋದರೂ ಅದು ಉಳಿಯಿತು. ನಮ್ಮದೇ ಲೋಟ ಚಾಚಿ ಕಾಫಿ ಕೇಳಿದರೆ ತೆರಿಗೆ ಇಲ್ಲ. ಇದು ಅಪ್ಪನಿಗೆ ತುಂಬಾ ಇಷ್ಟವಾದ ಸುದ್ದಿ.

ವೀಸಾ ಕೆಲಸ ಒಂದೇ ಊರು ಆದ್ದರಿಂದ ಹಗುರಾಯಿತು. ಯಾವ ದಿನ ಎಲ್ಲಿ ಇರ್ತೀರಿ ಅಂತ ಬರೆದು ಕೊಡಬೇಕು. ಎಲ್ಲ ದಿನಕ್ಕೂ ಒಂದೇ ವಿಳಾಸ. 30 ಸಾವಿರ ಯೂರೋ ಮೊತ್ತದ ಪ್ರಯಾಣ ವಿಮೆ, ತಲಾ 90 ಯೂರೋ ಶುಲ್ಕ, ಅಪ್ಪನ ಮಾತ್ರೆಗಳಿಗೆ ವೈದ್ಯರ ಚೀಟಿ. ಬೆಂಗಳೂರಿನಿಂದ ಫ್ರಾಂಕ್‌ಫರ್ಟ್‌ಗೆ ನೇರ ವಿಮಾನ ಇದೆ. ಅಲ್ಲಿಂದ ಸ್ಟಟ್‌ಗಾರ್ಟ್ ಮುಟ್ಟಿ ಟ್ಯೂಬಿಂಗೆನ್‌ಗೆ ರೈಲು ಬದಲಾಯಿಸೋದು. ಮೊದಲ ದಿನ ಏನೂ ಇಟ್ಟುಕೊಂಡಿಲ್ಲ.

ಊರಿನ ಹೊರಗೆ

ಒಂದು ಮಧ್ಯಾಹ್ನ ಬೇಬೆನ್‌ಹೌಸೆನ್. ಊರಿನಿಂದ ಬಸ್ಸಿನಲ್ಲಿ ಸ್ವಲ್ಪ ದೂರ, ಕಾಡಿನ ಅಂಚು, 12ನೇ ಶತಮಾನದ ಮಠ. ಸಿಂಹಾಸನ ಬಿಟ್ಟ ವುರ್ಟೆಂಬರ್ಗಿನ ಕಡೆಯ ರಾಜ 1921ರಲ್ಲಿ ಅಲ್ಲೇ ತೀರಿಕೊಂಡ. ಇದರ ಬಗ್ಗೆ ಚರ್ಚೆಯೇ ಆಗಲಿಲ್ಲ.

ಚರ್ಚೆ ಆದದ್ದು ಇಡೀ ದಿನದ ಪ್ರಯಾಣಕ್ಕೆ. ಕಾಲ್ವ್ ಅಥವಾ ಎಸ್ಲಿಂಗೆನ್? ಕಾಲ್ವ್ ಕಾದಂಬರಿಕಾರ ಹರ್ಮನ್ ಹೆಸ್ಸೆ ಹುಟ್ಟಿದ ಊರು. ಗುಂಡರ್ಟ್ ಅವನ ತಾಯಿಯ ತಂದೆ, 1893ರಲ್ಲಿ ತೀರಿಕೊಂಡದ್ದೂ ಅಲ್ಲೇ. ಹೆಸ್ಸೆಯ ತಾಯಿ ಹುಟ್ಟಿದ್ದು ತಲಶ್ಶೇರಿಯಲ್ಲಿ. ನನಗೆ ಅಲ್ಲಿಗೆ ಹೋಗಬೇಕಿತ್ತು. ಅಪ್ಪ ಎಸ್ಲಿಂಗೆನ್ ಅಂದರು. 1881ರಲ್ಲಿ ಮೊಗ್ಲಿಂಗ್ ಕಣ್ಣು ಮುಚ್ಚಿದ್ದು ಎಸ್ಲಿಂಗೆನ್‌ನಲ್ಲಿ. ಬಸವಪುರಾಣವನ್ನೂ ಜೈಮಿನಿ ಭಾರತವನ್ನೂ ದಾಸರ ಪದಗಳನ್ನೂ ಮೊದಲು ಅಚ್ಚಿಗೆ ತಂದವರ ಸಾಲಿನಲ್ಲಿ ನಿಲ್ಲುವ ಮನುಷ್ಯ, ಅವನ ಊರಿಗೆ ಹೋಗದೆ ಬರೋದು ಹೇಗೆ ಅನ್ನೋದು ಅವರ ವಾದ. ರೈಲಿನ ವೇಳಾಪಟ್ಟಿಯೂ ಅವರ ಪರವಾಗಿಯೇ ಇತ್ತು. ಟ್ಯೂಬಿಂಗೆನ್‌ನಿಂದ ಸ್ಟಟ್‌ಗಾರ್ಟ್‌ಗೆ ಹೋಗುವ ರೈಲು ಎಸ್ಲಿಂಗೆನ್‌ನಲ್ಲಿ ನಿಲ್ಲುತ್ತೆ, ಬದಲಾಯಿಸುವ ಗೋಜಿಲ್ಲ. ಇಬ್ಬರಿಗೂ ಸೇರಿ ಬಾಡೆನ್-ವುರ್ಟೆಂಬರ್ಗ್ ರಾಜ್ಯದ ದಿನದ ಟಿಕೆಟ್ ಸಾಕು.

ಹಾಗಾಗಿ ಗುರುವಾರ ಎಸ್ಲಿಂಗೆನ್. ಕಾಲ್ವ್ ಬಿಟ್ಟೆವು. ಹೆಸ್ಸೆ 1895ರಿಂದ ಪುಸ್ತಕದಂಗಡಿಯಲ್ಲಿ ಕೆಲಸ ಕಲಿತದ್ದು ಟ್ಯೂಬಿಂಗೆನ್‌ನಲ್ಲೇ, ದೊಡ್ಡ ಚರ್ಚಿನ ಎದುರು, ಹೋಲ್ಟ್ಸ್‌ಮಾರ್ಕ್ಟ್‌ನಲ್ಲಿ. ಅದೇ ಊರಿನಲ್ಲಿ, ಅದೇ ವರ್ಷಗಳಲ್ಲಿ, ಮುದುಕ ಕಿಟೆಲ್ ಕೂಡ ಇದ್ದರು. ನಾನು ಚರ್ಚಿನ ಗೋಪುರ ಹತ್ತುವಾಗ ಅಪ್ಪ ಕೂರುವ ಮೆಟ್ಟಿಲು ಆ ಅಂಗಡಿಯ ಎದುರಿಗೇ ಬರುತ್ತೆ.